ನಾಲ್ಕು ಮುಖದ ದಿಂಡು

“ಅಮ್ಮಾ, ಮಾವನ ಬೆರಳು ಹೋಗಿದ್ದು ನಿನ್ನಿಂದಾನಂತೆ, ಹೌದಾ?” ಎಂದು ಮಗಳು ಕೇಳಿದ್ದು ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುವಾಗ, ಹಲ್ಲಿನಲ್ಲಿ ರಿಬ್ಬನ್ ಕಚ್ಚಿಕೊಂಡು. ಪ್ರಶ್ನೆಯಲ್ಲಿ ವಿಷವೇನೂ ಇರಲಿಲ್ಲ; ನಾಳೆ ಶಾಲೆಗೆ ರಜೆಯಂತೆ ಹೌದಾ ಎನ್ನುವಾಗಿನ ಧ್ವನಿಯೇ. ಯಾರು ಹೇಳಿದರು ಅಂದಿದ್ದಕ್ಕೆ, ತಾತ, ಎಂದಿತು ಹುಡುಗಿ. “ನೀನು ಮಾವನ್ನ ನಗಿಸಿದ್ಯಂತೆ, ಮಾವ ನಕ್ಕನಂತೆ, ಮಷಿನ್ನು ಕಚಕ್ ಅಂತಂತೆ.” ಕಚಕ್ ಅನ್ನುವಾಗ ಅದಕ್ಕೇ ನಗು ಬಂತು. ಬಾಚಣಿಗೆ ಕೂದಲಿನ ಸಿಕ್ಕಿನಲ್ಲಿ ನಿಂತುಬಿಟ್ಟಿತು. ಅವಳು ಅಲ್ಲಾಡಬೇಡ ಎಂದಳು. ಮಗಳನ್ನು ಶಾಲೆಯ ಗೇಟಿನೊಳಗೆ ಬಿಟ್ಟು ಅಪ್ಪನ ಮರಗೆಲಸದ ಶೆಡ್ಡಿನತ್ತ ನಡೆದಳು. ಅಪ್ಪ ಈ ಮಾತನ್ನು ನೆಂಟರ ಮುಂದೆ ಆಡಿದ್ದುಂಟು, ಗಿರಾಕಿಗಳ ಮುಂದೆ ಆಡಿದ್ದುಂಟು, ಅವಳ ಗಂಡನಿಗೆ ಮದುವೆಯಾದ ಹೊಸದರಲ್ಲೇ ಹೇಳಿ ನಕ್ಕಿದ್ದೂ ಉಂಟು. ಆದರೂ ಎಲ್ಲೋ ಒಂದು ಕಡೆ ಅದು ನಿಲ್ಲುತ್ತದೆ ಎಂದುಕೊಂಡಿದ್ದಳು. ಈಗ ನೋಡಿದರೆ ಅದು ಮುಂದಿನ ತಲೆಮಾರಿನ ಬಾಯಲ್ಲಿ ರಿಬ್ಬನ್ ಜೊತೆ ಕೂತಿತ್ತು.

ಶೆಡ್ಡಿನಲ್ಲಿ ಆಗಲೇ ಮೇಷ್ಟ್ರು ಬಂದಿದ್ದರು. ಮರಗೆಲಸ ಕಲಿಸುವ ಶಾಲೆಯವರು. ಹಳೆಯ ಯಂತ್ರವನ್ನು ಶಾಲೆಯ ಹಜಾರದಲ್ಲಿ ಇಡುತ್ತೇವೆ, ಪಕ್ಕದಲ್ಲೊಂದು ಫಲಕ ಹಾಕುತ್ತೇವೆ, ಯಾರು ಮಾಡಿದ್ದು, ಎಲ್ಲಿಂದ ಬಂದದ್ದು ಎಂದು ಸರಿಯಾಗಿ ಬರೆಯಬೇಕು ಎಂದು ಹಿಂದೆಯೇ ಹೇಳಿಹೋಗಿದ್ದರು. ಮೂಲೆಯಲ್ಲಿ ಹೊಸ ಯಂತ್ರ ಪ್ಲಾಸ್ಟಿಕ್ ಹೊದ್ದುಕೊಂಡು, ಯಾರಾದರೂ ಮಾತಾಡಿಸಲಿ ಎಂದು ಕಾಯುವ ಹೊಸ ಸೊಸೆಯ ಹಾಗೆ ನಿಂತಿತ್ತು. ಹಳೆಯದು ಎಂದಿನಂತೆ ನಟ್ಟನಡುವೆ. ಉದ್ದನೆಯ ಎರಡು ಕಬ್ಬಿಣದ ಹಾಸು, ಅವುಗಳ ನಡುವಿನ ಸಂದಿನಲ್ಲಿ ತಿರುಗುವ ಉಕ್ಕಿನ ದಿಂಡು, ದಿಂಡಿಗೆ ಬಿಗಿದ ಬ್ಲೇಡುಗಳು. ಹಲಗೆಯನ್ನು ಈ ಕಡೆಯಿಂದ ತಳ್ಳಿದರೆ ಮೈಯೆಲ್ಲ ಹೆರೆಸಿಕೊಂಡು ನುಣ್ಣಗಾಗಿ ಆ ಕಡೆ ಹೊರಡುತ್ತಿತ್ತು. ಅವಳ ಬಾಲ್ಯವೆಲ್ಲ ಹೀಗೆ ಹೆರೆದು ಬಿದ್ದ ಸುರುಳಿಗಳ ವಾಸನೆಯೇ. ಅಪ್ಪ ತನ್ನ ಸ್ಟೂಲಿನ ಮೇಲೆ, ಮಂಡಿಯ ಮೇಲೆ ಚಹಾದ ಲೋಟ ಇಟ್ಟುಕೊಂಡು, ಪಂಚಾಯಿತಿ ಮಾಡಲು ಕರೆಸಿದ ಹಿರಿಯನ ಗತ್ತಿನಲ್ಲಿ ಕೂತಿದ್ದ.

“ಹಡಗಲ್ಲಿ ಬಂದ ಮಾಲು ಮೇಷ್ಟ್ರೇ. ಈಗಿನವರ ತಗಡಲ್ಲ. ಇಷ್ಟು ವರ್ಷ ಆಯ್ತು, ಒಂದು ದಿನ ಕೆಮ್ಮಿದ್ದಿಲ್ಲ, ಸೀನಿದ್ದಿಲ್ಲ. ಇದರಲ್ಲಿ ತಪ್ಪು ಅನ್ನೋದೇ ಇರಕ್ಕೆ ಸಾಧ್ಯ ಇಲ್ಲ. ತಪ್ಪೇನಿದ್ರೂ ಕೈಯದ್ದು.” ಹೀಗೆಂದು ಅಪ್ಪ ಅಣ್ಣನ ಕಡೆ ಗಲ್ಲ ತೋರಿಸಿದ. “ಅಲ್ವೇನೋ ಒಂದೂವರೆ?”

ಒಂದೂವರೆ ಎಂದರೆ ಒಂದೂವರೆ ಕೈಯವನು. ಅಣ್ಣನಿಗೆ ಅಪ್ಪ ಇಟ್ಟ ಹೆಸರು ಅದು. ಆಸ್ಪತ್ರೆಯಿಂದ ಮನೆಗೆ ಬಂದ ವಾರವೇ ಇಟ್ಟದ್ದು, ಅಳುತ್ತ ಕೂರಬಾರದು ಎಂದು ಇಟ್ಟದ್ದಂತೆ. ಅಣ್ಣ ನಕ್ಕ. ಅಣ್ಣ ಯಾವಾಗಲೂ ನಗುತ್ತಿದ್ದ. ಎಡಗೈಯಲ್ಲಿ ಹೆಬ್ಬೆರಳು ಮತ್ತು ಕಿರುಬೆರಳು ಬಿಟ್ಟರೆ ನಡುವೆ ಏನೂ ಇರಲಿಲ್ಲ, ಒಂದು ನುಣುಪಾದ ಇಳಿಜಾರು. ಅವತ್ತಿನಿಂದ ಅವನು ಯಂತ್ರ ಓಡಿಸಲಿಲ್ಲ; ವಾರ್ನಿಷ್ ಬಳಿಯುವುದು, ಉಪ್ಪುಕಾಗದ ಉಜ್ಜುವುದು, ಬ್ಲೇಡು ಬಿಚ್ಚಿ ಸಾಣೆಗೆ ಕೊಡುವುದು, ಗಿರಾಕಿಗಳಿಗೆ ಕುರ್ಚಿ ಎಳೆದುಹಾಕುವುದು. ಕೆಲಸದ ಕಣ್ಣಿರುವವಳು ಇವಳೇ ಎಂದು ಅಪ್ಪ ಅವಳಿಗೆ ಕೆಲಸ ಕಲಿಸಿದ. ಹಲಗೆಯ ಮೇಲೆ ಕೈಯಿಟ್ಟು ನಿಂತಾಗಲೆಲ್ಲ ಅವಳಿಗೆ ತನ್ನ ಹತ್ತು ಬೆರಳೂ ಕದ್ದ ಮಾಲಿನ ಹಾಗೆ ಕಾಣುತ್ತಿದ್ದವು. ಅದಕ್ಕೇ ಇರಬೇಕು, ಅವಳು ಅಣ್ಣನ ಹಿಂದೆ ಹಿಂದೆ ಸುತ್ತುತ್ತಿದ್ದಳು: ಅವನ ಅಂಗಿಯ ತೋಳಿನ ಗುಂಡಿ ಹಾಕುವುದು, ಡಬ್ಬಿಯ ಮುಚ್ಚಳ ತಾನೇ ತೆಗೆದುಕೊಡುವುದು, ಚಪ್ಪಲಿಯ ಬಾರು ಬಗ್ಗಿ ಸರಿಮಾಡುವುದು. ಒಮ್ಮೆ ಬೀದಿಯಲ್ಲಿ ಜನರೆದುರಿಗೆ ಹಾಗೆ ಬಗ್ಗಿದಾಗ ಅಣ್ಣ ಕಾಲು ಹಿಂದಕ್ಕೆ ಎಳೆದುಕೊಂಡಿದ್ದ. ಆಮೇಲೆ ಸಂಜೆ ಅವಳಿಗೆ ಬಾಳೆಹಣ್ಣು ತಂದುಕೊಟ್ಟ, ತಾನೇ ಏನೋ ತಪ್ಪು ಮಾಡಿದವನ ಹಾಗೆ. ಅವನು ಅವಳ ಮೇಲೆ ಒಂದು ಸಲವೂ, ಒಂದೇ ಒಂದು ಸಲವೂ ರೇಗಿದವನಲ್ಲ.

ಮೇಷ್ಟ್ರು ಅಂಗಿಯ ತೋಳು ಮಡಚಿ ಯಂತ್ರದ ಹೊಟ್ಟೆಯ ಕೆಳಗೆ ಬಗ್ಗಿದರು. “ಇಲ್ಲಿ ಏನೋ ಉಬ್ಬು ಇದೆ ನೋಡಿ. ಕೆರೀಬೇಕು.” ಅಣ್ಣ ದೀಪ ಹಿಡಿದ, ಅವಳು ತಗಡಿನ ಪಟ್ಟಿಯಿಂದ ಬಣ್ಣ ಕೆರೆದಳು. ಮೇಲೆ ಹಸಿರು, ಅದರ ಕೆಳಗೆ ಬೂದಿ, ಅದರ ಕೆಳಗೆ ಇನ್ನೂ ಒಂದು ಹಸಿರು, ಕಪ್ಪಗೆ ಅಂಟಿಕೊಂಡ ಎಣ್ಣೆ. ಆ ದಿನ ಯಂತ್ರ ಯಾವ ಬಣ್ಣದಲ್ಲಿತ್ತು? ಅವಳು ಎದುರುಗಡೆ ನಿಂತು, ಹೊರಬರುತ್ತಿದ್ದ ಹಲಗೆಯ ತುದಿಯನ್ನು ಹಿಡಿದಿದ್ದಳು. ಅದು ಖಂಡಿತ. ಅಣ್ಣನ ಮುಖ ಕಾಣುತ್ತಿತ್ತು, ಮೀಸೆ ಚಿಗುರುತ್ತಿದ್ದ ಮುಖ. ಅವಳು ಏನೋ ಹೇಳಿದಳು, ಅವನು ನಕ್ಕ, ಗಂಟು ಸಿಕ್ಕಿ ಹಲಗೆ ಎಗರಿತು, ಯಂತ್ರದ ಸದ್ದು ಒಂದು ಕ್ಷಣ ದಪ್ಪಗಾಗಿ ಮತ್ತೆ ಎಂದಿನಂತಾಯಿತು. ಆದರೆ ಅವಳು ಹೇಳಿದ್ದೇನು? ಬಹಳ ವರ್ಷ ಅವಳಿಗೆ ಅದು ನೆನಪಿತ್ತು: ಮರದ ಮಂಡಿಯ ಬೊಜ್ಜಿನ ಸಾಹುಕಾರ ಮೂಗು ಸೀಟುವುದನ್ನು ಅಣಕಿಸಿದ್ದಳು. ಮದುವೆಯಾದ ಮೇಲೆ ನೋಡಿದರೆ ಬೇರೆ ಯಾವುದೋ ಮಾತು, ಅಪ್ಪನ ಗೊರಕೆಯ ಮಾತು, ಆ ಜಾಗದಲ್ಲಿ ಬಂದು ಕೂತಿತ್ತು. ಇವತ್ತು ಬಣ್ಣ ಕೆರೆಯುತ್ತ ಕೆರೆಯುತ್ತ ನೆನಪು ಮಾಡಿಕೊಳ್ಳಲು ಹೋದರೆ ಬಾಯಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು, ಮಾತಿರಲಿಲ್ಲ. ಒಬ್ಬರ ಮೂರು ಬೆರಳಿಗೆ ಎರವಾದ ಮಾತನ್ನು ಮರೆಯುವಷ್ಟು ತಾನು ದಪ್ಪ ಚರ್ಮದವಳೇ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ, ಇವಳು ನಗಿಸ್ತಿದ್ಳು, ಇವನು ಹಲ್ಲು ಕಿರೀತಿದ್ದ. ಬಂದವರೆಲ್ಲ ತಿರುಗಿ ಅವಳನ್ನು ನೋಡುತ್ತಿದ್ದರು. ಅವಳ ಲಂಗದ ಅಂಚಿನಲ್ಲಿ ಮರದ ಹೊಟ್ಟು ಅಂಟಿತ್ತು. ಅದನ್ನು ಒಂದೊಂದಾಗಿ ಕಿತ್ತು ಕಿತ್ತು ಕುರ್ಚಿಯ ಕೆಳಗೆ ಹಾಕುತ್ತಿದ್ದಳು.

“ಲಂಗರು!” ಎಂದು ಮೇಷ್ಟ್ರು ಕೂಗಿದರು. ಕೆರೆದ ಜಾಗದಲ್ಲಿ ಎರಕದಲ್ಲೇ ಉಬ್ಬಿಬಂದ ಒಂದು ಹಡಗಿನ ಲಂಗರು, ಅದರ ಎರಡೂ ಕಡೆ ಒಂದೊಂದು ಅಕ್ಷರ. ಮೇಷ್ಟ್ರ ಮುಖ ಮಕ್ಕಳ ಮುಖದಂತಾಯಿತು. ಅಣ್ಣತಮ್ಮಂದಿರಿಬ್ಬರ ಎರಕದ ಮನೆ ಅದು, ಒಂದು ಬಂದರಿನ ಊರಲ್ಲಿತ್ತು, ಯಾವತ್ತೋ ಮುಚ್ಚಿಹೋಯಿತು, ಅವರ ಯಂತ್ರ ಪುಸ್ತಕದಲ್ಲಿ ನೋಡಿದ್ದೇನೆಯೇ ಹೊರತು ಕಣ್ಣಾರೆ ನೋಡಿದ್ದು ಇದೇ ಮೊದಲು ಎಂದರು. ಅಪ್ಪ ತೊಡೆ ತಟ್ಟಿದ. “ನಾನು ಹೇಳಲಿಲ್ವಾ? ಹಡಗು ಅಂದೆ. ಲಂಗರೇ ಬಂತು.” ಎಲ್ಲರೂ ನಕ್ಕರು, ಅವಳೂ ನಕ್ಕಳು. ಮಗಳ ಕಚಕ್ ಕಿವಿಯೊಳಗೆ ಇನ್ನೂ ಇತ್ತು, ಆದರೂ ನಕ್ಕಳು.

ಮೇಷ್ಟ್ರ ಹತ್ತಿರ ತಿರುಪಿನ ಸುತ್ತು ಅಳೆಯುವ ಸಣ್ಣ ಉಪಕರಣ ಇತ್ತು. ಬಾಚಣಿಗೆಯಂಥ ಹಲ್ಲುಗಳ ತೆಳ್ಳಗಿನ ಉಕ್ಕಿನ ಎಲೆಗಳು, ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತಿದ್ದವು. ಯಂತ್ರದ ಮೈಯ ಬೋಲ್ಟುಗಳನ್ನು ಒಂದೊಂದೇ ಬಿಚ್ಚಿಸಿ, ಎಲೆಯನ್ನು ಅದರ ಸುತ್ತಿಗೆ ಕೂರಿಸಿ ನೋಡಿದರು. ಎಲ್ಲ ಇಂಚಿನ ಲೆಕ್ಕ, ಬಂದರಿನವರದೇ, ಹಲ್ಲಿಗೆ ಹಲ್ಲು ಕೂತಿತು. ಕೊನೆಗೆ ದಿಂಡಿಗೆ ಬ್ಲೇಡು ಬಿಗಿದ ಬೋಲ್ಟು. ಎಲೆ ಕೂರಲಿಲ್ಲ. ಇನ್ನೊಂದು ಎಲೆ ಹಿಡಿದರು, ಅದೂ ಕೂರಲಿಲ್ಲ. ಬೇರೆ ಜಾತಿಯ, ಮಿಲಿಮೀಟರ್ ಲೆಕ್ಕದ ಎಲೆಯನ್ನು ತೆಗೆದು ಹಿಡಿದರೆ ಹಾಲಿನಲ್ಲಿ ಸಕ್ಕರೆ ಬಿದ್ದ ಹಾಗೆ ಕೂತಿತು. “ಇದು ಅವರದ್ದಲ್ಲ,” ಎಂದರು ಮೇಷ್ಟ್ರು. ದಿಂಡನ್ನೇ ಕೈಯಿಂದ ನಿಧಾನಕ್ಕೆ ತಿರುಗಿಸಿದರು. ಮುಖ, ಮೂಲೆ, ಮುಖ, ಮೂಲೆ. “ಅಯ್ಯೋ, ನಾನೊಬ್ಬ! ಕಣ್ಣೆದುರಿಗೇ ಇದೆ. ಇದು ಚೌಕ.”

“ದಿಂಡು ಅಂದ್ರೆ ಚೌಕ ಅಲ್ವಾ ಸರ್?” ಎಂದ ಅಣ್ಣ.

“ಲಂಗರಿನವರು ಚೌಕದ ದಿಂಡು ಮಾಡಿದವರೇ ಅಲ್ಲ. ಅದೇ ಅವರ ಹೆಮ್ಮೆ. ಗುಂಡಗಿನ ದಿಂಡು ಮಾಡಿ, ಇದಕ್ಕೆ ಕೈ ಹೋಗಲ್ಲ ಅಂತ ಸಾರಿಕೊಂಡು ಮಾರಿದವರು. ಇದನ್ನ ಯಾರೋ ಆಮೇಲೆ ಹಾಕಿದ್ದು. ಬಿಚ್ಚೋಣ, ಬಿಚ್ಚೋಣ.”

ಕೈ ಹೋಗಲ್ಲ ಎಂಬ ಮಾತು ಶೆಡ್ಡಿನಲ್ಲಿ ಒಂದು ಸುತ್ತು ಸುತ್ತಿ ಅವಳ ಹತ್ತಿರ ಬಂತು. ಹೊಸ ಯಂತ್ರ ತರಲು ಅಂಗಡಿಗೆ ಹೋದಾಗ ಅಲ್ಲಿದ್ದ ದಿಂಡುಗಳೆಲ್ಲ ಗುಂಡಗಿನವೇ. ಈಗಿನ ಕಾಲದ ಫ್ಯಾಷನ್ ಇರಬೇಕು ಎಂದುಕೊಂಡಿದ್ದಳು. ಅಣ್ಣ ಬ್ಲೇಡುಗಳನ್ನು ಬಿಚ್ಚಿ ಒಂದು ಬಟ್ಟೆಯಲ್ಲಿ ಸುತ್ತಿಟ್ಟ. ಮೇಷ್ಟ್ರು ಎರಡೂ ಕಡೆಯ ಬೇರಿಂಗಿನ ಮುಚ್ಚಳ ತೆಗೆದರು. ದಿಂಡನ್ನು ಎತ್ತಿ ಹಲಗೆಯ ತುಂಡುಗಳ ಮೇಲೆ ಮಲಗಿಸಿದರು. ಎಷ್ಟೋ ವರ್ಷ ತಿರುಗಿದ್ದು, ಮೊದಲನೇ ಸಲ ಹೊರಗೆ ಬಂದು ಬೆಳಕಿನಲ್ಲಿ ಬಿದ್ದುಕೊಂಡಿತ್ತು. ಬೇರಿಂಗಿನ ಮರೆಯಲ್ಲಿದ್ದ ತುದಿಗೆ ಮೇಷ್ಟ್ರು ಸೀಮೆಎಣ್ಣೆ ಬಟ್ಟೆ ಒತ್ತಿ ಉಜ್ಜಿದರು. “ಇಲ್ಲೊಂದು ಗುರುತಿದೆ. ಏನಿದು, ಬೆಕ್ಕಾ?”

ಬೆಕ್ಕು. ಉಗುರಿನಷ್ಟು ದೊಡ್ಡ ಬೆಕ್ಕಿನ ಮುಖ, ಎರಡು ಕಿವಿ, ಎರಡು ಚುಕ್ಕೆಯ ಕಣ್ಣು. ಅವಳಿಗೆ ಅದನ್ನು ನೋಡಲು ಬಗ್ಗಬೇಕಾಗಲೇ ಇಲ್ಲ. ಊರಿನ ಅರ್ಧ ಕುರ್ಚಿಗಳ ಹೊಟ್ಟೆಯಡಿ, ಮಂಚಗಳ ಕಾಲಿನೊಳಗೆ, ಅವಳ ಮಗಳು ಮಲಗಿ ಬೆಳೆದ ತೊಟ್ಟಿಲಿನ ತಲೆಯಲ್ಲಿ ಆ ಬೆಕ್ಕಿತ್ತು. ಅಪ್ಪನ ಅಚ್ಚು ಅದು. ಕೆಲಸ ಮುಗಿದು, ಇನ್ನು ಇದಕ್ಕೆ ಕೈ ಹಾಕುವುದೇನೂ ಇಲ್ಲ ಎಂದು ಮನಸ್ಸಿಗೆ ಬಂದ ಮೇಲೆ ಒಂದೇ ಏಟಿಗೆ ಹೊಡೆಯುತ್ತಿದ್ದ. ಮನಸ್ಸಿಗೆ ಬರದ ಕೆಲಸಕ್ಕೆ ಹೊಡೆಯುತ್ತಲೇ ಇರಲಿಲ್ಲ, ಗಿರಾಕಿ ಕಾಲಿಗೆ ಬಿದ್ದರೂ. ಅಣ್ಣ ಹಿಡಿದಿದ್ದ ದೀಪ ಅಲುಗಿತು, ಬೆಕ್ಕಿನ ನೆರಳು ಉದ್ದವಾಗಿ ಮತ್ತೆ ಗಿಡ್ಡವಾಯಿತು.

“ಎಲ್ಲಿ, ತೋರಿಸಿ ತೋರಿಸಿ,” ಎಂದು ಅಪ್ಪ ಸ್ಟೂಲಿನಿಂದ ಎದ್ದೇ ಬಂದ. ಕನ್ನಡಕವನ್ನು ಹಣೆಗೇರಿಸಿ ಮೂಗು ತಾಗುವಷ್ಟು ಬಗ್ಗಿದ. ಅವಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಈಗ ಬಣ್ಣ ಇಳಿಯುತ್ತದೆ, ಈಗ ಕೈ ನಡುಗುತ್ತದೆ, ಈಗ ಗೋಡೆ ಹಿಡಿದುಕೊಳ್ಳುತ್ತಾನೆ ಎಂದು. ಅಪ್ಪನ ಮುಖ ಅರಳಿತು.

“ನಂದೇ ಇದು! ನಾನೇ ಮಾಡಿದ್ದು ಮೇಷ್ಟ್ರೇ! ಮರೆತೇಹೋಗಿತ್ತು ನೋಡಿ. ಇವಳು ಹುಟ್ಟಿದ ವರ್ಷ ಮೊದಲಿನದು ಸೀಳಿತ್ತು. ಅದರ ಬ್ಲೇಡು ಎಲ್ಲೂ ಸಿಗ್ತಿರಲಿಲ್ಲ. ಲಾರಿಯ ಸ್ಪ್ರಿಂಗ್ ಪಟ್ಟಿ ತಂದು ನಾನೇ ಬ್ಲೇಡು ಬಡಿದೆ. ದಪ್ಪ ಬ್ಲೇಡಲ್ವಾ, ಅದನ್ನ ಬಿಗಿಯಕ್ಕೆ ಚೌಕವೇ ಆಗ್ಬೇಕು. ಲೇತಿನವನು ಮೈ ಮಾತ್ರ ಒರಟಾಗಿ ಕೊಟ್ಟ, ಮಿಕ್ಕಿದ್ದೆಲ್ಲ ಅರದಲ್ಲಿ ಉಜ್ಜಿದ್ದು, ಈ ಕೈಯಲ್ಲಿ. ಇಟ್ಟು ತಿರುಗಿಸಿ ನೋಡಿ, ಕೂದಲೆಳೆಯಷ್ಟು ವಾಲಲ್ಲ. ಇಷ್ಟು ವರ್ಷ ವಾಲಿದೆಯಾ? ಕೇಳಿ ಇವಳನ್ನ.”

ಮೇಷ್ಟ್ರಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಕೆಲಸ ನಿಜಕ್ಕೂ ಚೆನ್ನಾಗಿತ್ತು, ಅದು ಅವರ ಬೆರಳು ದಿಂಡಿನ ಮೇಲೆ ಓಡಾಡಿದ್ದರಲ್ಲೇ ಗೊತ್ತಾಗುತ್ತಿತ್ತು. ಅವರ ಕಣ್ಣು ಅಣ್ಣನ ಎಡಗೈಯ ಮೇಲೆ ಬಿದ್ದು, ಅಲ್ಲಿಂದ ಜಾರಿ ನೆಲಕ್ಕೆ ಹೋಯಿತು.

“ಚೌಕ ಆದ್ರೆ ಏನಾಗುತ್ತೆ ಸರ್?” ಎಂದು ಅಣ್ಣ ಕೇಳಿದ. ಶಾಲೆಯ ಹುಡುಗನ ಹಾಗೆ ಕೇಳಿದ.

“ಏನಿಲ್ಲ... ಗುಂಡಗಿದ್ರೆ ಸಂದು ಚಿಕ್ಕದು. ಕೈ ಜಾರಿದ್ರೂ ತುದಿ ಕೆರೆದು ಹೊರಗೆ ದಬ್ಬಿಬಿಡುತ್ತೆ. ಚೌಕ ಅಂದ್ರೆ ಮೂಲೆಗೂ ಮೂಲೆಗೂ ನಡುವೆ ಗುಂಡಿ ಇರುತ್ತಲ್ಲ. ಕೈ ಆ ಗುಂಡಿಗೆ ಬಿದ್ರೆ ಮುಂದಿನ ಮೂಲೆ ಬಂದು ಒಳಗೆ ಎಳ್ಕೊಳ್ಳುತ್ತೆ.” ಮೇಷ್ಟ್ರ ಧ್ವನಿ ಸಣ್ಣದಾಗುತ್ತ ಹೋಯಿತು. “ಆಗಿನ ಕಾಲದಲ್ಲಿ ಎಲ್ಲ ಕಡೆ ಹಾಕ್ತಿದ್ರು ಬಿಡಿ. ಎಷ್ಟು ಹುಷಾರಾಗಿದ್ದವರದ್ದೂ ಹೋಗ್ತಿತ್ತು.”

“ಎಷ್ಟು ಹುಷಾರಾಗಿದ್ದವರದ್ದೂ,” ಎಂದ ಅಣ್ಣ.

“ಫಲಕದಲ್ಲಿ ನನ್ನ ಹೆಸರೂ ಬರಬೇಕು ಮತ್ತೆ,” ಎಂದ ಅಪ್ಪ, ಬೆಕ್ಕನ್ನು ಹೆಬ್ಬೆರಳಿಂದ ಸವರುತ್ತ. “ಮೈ ಅವರದ್ದು, ಹೃದಯ ನಂದು. ಹಂಗೇ ಬರೀರಿ.”

ಆಗ ಮಾತಾಡಿದ್ದು ತಾನೇ ಎಂದು ಅವಳಿಗೆ ಗೊತ್ತಾಗಿದ್ದು, ಎಲ್ಲರೂ ತನ್ನ ಕಡೆ ತಿರುಗಿದ ಮೇಲೆ. “ಅಪ್ಪಾ, ಅವತ್ತು ನಾನು ಏನು ಹೇಳ್ದೆ?”

“ಯಾವತ್ತು?”

“ಅಣ್ಣನ್ನ ನಗಿಸಿದ್ನಲ್ಲ. ಏನು ಹೇಳಿ ನಗಿಸ್ದೆ? ನಂಗೆ ನೆನಪಿಗೆ ಬರ್ತಿಲ್ಲ. ನೀನು ಅಲ್ಲೇ ಇದ್ಯಲ್ಲ, ನೀನು ಹೇಳು.”

ಅಪ್ಪ ಅವಳನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಅಡಗಿಸುವ ಆತುರವೂ ಇರಲಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಈಗ ಯಾಕೆ ಎನ್ನುವ ಬೇಸರ ಮಾತ್ರ ಇತ್ತು. ಬೆಕ್ಕಿನ ಸಂತೋಷದಲ್ಲಿ ಮೈಮರೆತಿದ್ದನೋ, ವಯಸ್ಸಿಗೆ ನಾಲಿಗೆ ಸಡಿಲವಾಗಿತ್ತೋ.

“ನೀನೆಲ್ಲಿ ನಗಿಸ್ದೆ? ನೀನು ಒಳಗೇ ಇರಲಿಲ್ಲ. ಹಿತ್ತಲಲ್ಲಿ ಹೊಟ್ಟಿನ ರಾಶಿ ಮೇಲೆ ನಿದ್ದೆ ಹೊಡೀತಿದ್ದೆ. ಇವನ ಕೂಗು ಕೇಳಿ ಎದ್ದು ಅಳ್ತಾ ನಿಂತಿದ್ದೋಳನ್ನ ನಾನೇ ಎತ್ಕೊಂಡು ಆಸ್ಪತ್ರೆಗೆ ಹೋಗಿದ್ದು.”

“ಮತ್ತೆ ಯಾಕೆ...”

“ಯಾಕೆ ಅಂದ್ರೆ? ಜನ ಕೇಳ್ತಿದ್ರು. ಏನಾದ್ರೂ ಹೇಳಬೇಕಿತ್ತಲ್ಲ. ಚಿಕ್ಕೋಳು, ಮರೀತೀಯ ಅಂದ್ಕೊಂಡೆ.”

ಎದುರುಗಡೆ ನಿಂತು ಹಲಗೆ ಹಿಡಿದಿದ್ದು, ಮೀಸೆ ಚಿಗುರುತ್ತಿದ್ದ ಮುಖ, ಸದ್ದು ದಪ್ಪಗಾದದ್ದು, ಇವೆಲ್ಲ ಎಲ್ಲಿಂದ ಬಂದವು? ಅವುಗಳನ್ನು ಯಾರು ಅವಳ ತಲೆಯಲ್ಲಿ ಅರದಿಂದ ಉಜ್ಜಿ ಉಜ್ಜಿ ಕೂದಲೆಳೆಯಷ್ಟೂ ವಾಲದ ಹಾಗೆ ಕೂರಿಸಿದರು? ಅಪ್ಪ ಒಂದು ಮಾತು ಆಡಿದ್ದ ಅಷ್ಟೇ, ಮಿಕ್ಕಿದ್ದನ್ನು ಅವಳೇ ಮಾಡಿಕೊಂಡಿದ್ದಳು, ರಾತ್ರಿಗಳನ್ನೆಲ್ಲ ಹಾಕಿ. ತಪ್ಪಿಲ್ಲ ಎಂದು ಗೊತ್ತಾದರೆ ಹಗುರಾಗಬೇಕು, ಕತೆಗಳಲ್ಲಿ ಹಾಗೇ ಆಗುತ್ತದೆ. ಅವಳಿಗೆ ಯಾರೋ ಮನೆಯೊಳಗಿನ ಗೋಡೆಯನ್ನೇ ಎತ್ತಿಕೊಂಡು ಹೋದ ಹಾಗಾಗಿತ್ತು; ಆ ಗೋಡೆಗೆ ಒರಗಿಕೊಂಡೇ ಅಲ್ಲವೇ ಅವಳು ಇಷ್ಟು ವರ್ಷ ನಿಂತಿದ್ದು. ಅವಳು ಅಣ್ಣನ ಕಡೆ ತಿರುಗಿದಳು. “ನಿನಗೆ ಗೊತ್ತಿತ್ತಾ? ನಾನಿರಲಿಲ್ಲ ಅಂತ?”

ಅಣ್ಣ ದೀಪವನ್ನು ಹಾಸಿನ ಮೇಲಿಟ್ಟ. ಅವನು ನಗುತ್ತಿರಲಿಲ್ಲ. ನಗದೆ ಇದ್ದಾಗ ಅವನ ಮುಖ ಹೇಗಿರುತ್ತದೆ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಪಕ್ಕದ ಬೀದಿಯ ಯಾರದೋ ಮುಖದ ಹಾಗಿತ್ತು.

“ನಂಗೆ ಆ ದಿನ ನೆನಪೇ ಇಲ್ಲ. ಬೆಳಿಗ್ಗೆ ಸ್ನಾನ ಮಾಡಿದ್ದು ನೆನಪಿದೆ. ಆಮೇಲೆ ಆಸ್ಪತ್ರೆಯ ಫ್ಯಾನು. ನಡುವಿನದು ಅಪ್ಪ ಹೇಳಿದ್ದೇ.” ಅವನು ಕೈಯ ಎಣ್ಣೆಯನ್ನು ಅಂಗಿಗೆ ಒರೆಸಿಕೊಂಡ. “ದಿನಾ ಎದ್ದ ತಕ್ಷಣ ಅಂದ್ಕೋತಿದ್ದೆ, ಅವಳು ಮಗು, ಅವಳ ಮೇಲೆ ಸಿಟ್ಟು ಮಾಡ್ಕೋಬಾರ್ದು ಅಂತ. ದಿನಾ ಅಂದ್ಕೋಬೇಕಿತ್ತು. ಒಂದು ದಿನ ಬಿಟ್ರೂ ಬರ್ತಿತ್ತು ಸಿಟ್ಟು.”

ಬಾಳೆಹಣ್ಣು. ಮದುವೆಯ ದಿನ ಅವಳ ಪೆಟ್ಟಿಗೆ ಹೊತ್ತು ನಿಂತದ್ದು. ಮಗಳು ಹುಟ್ಟಿದಾಗ ಆಸ್ಪತ್ರೆಗೆ ಮೊದಲು ಓಡಿಬಂದದ್ದು. ಎಲ್ಲದರ ಹಿಂದೆಯೂ ಬೆಳಿಗ್ಗೆ ಎದ್ದು ಹಲ್ಲು ಕಚ್ಚಿ ಅಂದುಕೊಂಡ ಒಂದು ಮಾತಿತ್ತು. ಅವನು ಪ್ರತಿದಿನ ಅವಳನ್ನು ಕ್ಷಮಿಸುತ್ತಿದ್ದ, ಅವಳು ಪ್ರತಿದಿನ ಅವನ ಅಂಗಿಯ ಗುಂಡಿ ಹಾಕುತ್ತಿದ್ದಳು. ಇಬ್ಬರಿಗೂ ಬೇರೆ ಏನಾದರೂ ಇತ್ತೇ ಒಳಗೆ, ಬರೀ ಅಣ್ಣತಂಗಿಯರದ್ದು? ಅವಳಿಗೆ ಹುಡುಕಲು ಹೆದರಿಕೆಯಾಯಿತು. ಸಿಗದಿದ್ದರೆ?

ಮೇಷ್ಟ್ರು ತಮ್ಮ ಎಲೆಗಳನ್ನು ಒಂದೊಂದೇ ಮಡಚಿ, ನಾನು ಇನ್ನೊಂದು ದಿನ ಬರ್ತೀನಿ ಯಜಮಾನ್ರೇ ಎಂದರು. “ಇನ್ನೊಂದು ದಿನ ಯಾಕೆ? ಬರ್ಕೊಂಡೇ ಹೋಗಿ,” ಎಂದ ಅಪ್ಪ. “ಹೃದಯ ಅಂತ ಬರೀರಿ. ಏನಾಯ್ತು ಎಲ್ಲರಿಗೂ, ಸಾವಿನ ಮನೆ ಥರ ನಿಂತಿದ್ದೀರ?”

ಅಣ್ಣ ಬಗ್ಗಿ ದಿಂಡಿನ ಒಂದು ತುದಿಗೆ ಕೈ ಹಾಕಿದ. ಬಲಗೈ ಕೆಳಗೆ, ಎಡಗೈ ಮೇಲೆ. ಹೆಬ್ಬೆರಳು, ಕಿರುಬೆರಳು, ನಡುವಿನ ಇಳಿಜಾರಿನಲ್ಲಿ ಚೌಕದ ಒಂದು ಮೂಲೆ ಸರಿಯಾಗಿ ಕೂತಿತ್ತು. ಅವಳ ಕಣ್ಣು ಅಭ್ಯಾಸದಂತೆ ಅಲ್ಲಿಂದ ಓಡಲು ನೋಡಿತು. ಅವಳು ಓಡಗೊಡಲಿಲ್ಲ.

“ಹಿಡಿ,” ಎಂದ ಅವನು.

ನಾನೊಬ್ಬಳೇ ಎತ್ತುತ್ತೇನೆ, ನೀನು ಬಿಡು ಎನ್ನುವ ಮಾತು ಬಾಯಿಯವರೆಗೆ ಬಂತು. ನುಂಗಿಕೊಂಡು ಇನ್ನೊಂದು ತುದಿ ಹಿಡಿದಳು. ಎತ್ತಿದರು. ಭುಜ ಕಳಚಿ ಬೀಳುವಷ್ಟು ಭಾರ. ಅವನು ತನ್ನ ಪಾಲಿನದನ್ನು ಚೂರೂ ಅವಳ ಮೇಲೆ ಹಾಕಲಿಲ್ಲ, ಚೂರೂ ತಾನೇ ಹೆಚ್ಚು ಹೊರಲಿಲ್ಲ. ಅವಳು ಹಿಂದಹಿಂದಕ್ಕೆ ಹೆಜ್ಜೆ ಹಾಕಿದಳು, ಅವನು ಮುಂದಕ್ಕೆ. ಬಾಗಿಲು ದಾಟಿದರು. ಹೊರಗೆ ಬಿಸಿಲು ಕಣ್ಣಿಗೆ ಹೊಡೆಯಿತು. ಬೀದಿಯಲ್ಲಿ ಸೈಕಲ್ಲಿನವನೊಬ್ಬ ಬ್ರೇಕು ಹಾಕಿ ದಾರಿ ಬಿಟ್ಟ.

“ಮೆಲ್ಲಗೆ! ಮೆಲ್ಲಗೆ ಹಿಡ್ಕೊಳ್ರೋ!” ಒಳಗಿಂದ ಅಪ್ಪ ಕೂಗುತ್ತಿದ್ದ. “ಬೀಳಿಸಿದ್ರೆ ಮೂಲೆ ಹೋಗುತ್ತೆ! ಎಲ್ಲಿಗೆ ತಗೊಂಡು ಹೋಗ್ತಿದ್ದೀರೋ ಅದನ್ನ?”

“ಎಲ್ಲಿಗೆ?” ಎಂದು ಅವಳೂ ಕೇಳಿದಳು, ಏದುಸಿರಿನಲ್ಲಿ.

“ಗೊತ್ತಿಲ್ಲ,” ಎಂದ ಅಣ್ಣ. ಅವನ ಧ್ವನಿಯಲ್ಲಿ ಸಿಟ್ಟಿತ್ತು, ಅವಳ ಮೇಲೆ ಮೊದಲನೇ ಸಲ, ಯಾವ ಮುಚ್ಚುಮರೆಯೂ ಇಲ್ಲದ್ದು. “ನಡಿ ನೀನು. ಹಿಂದೆ ನೋಡ್ಕೊಂಡು ನಡಿ, ಕಲ್ಲಿದೆ.”